ತುಳು ನಿಲ್ಲಿಸಿದ ಮೂರು ತಿಂಗಳು

ಕಳೆದ ವರ್ಷ ಮೂರು ತಿಂಗಳು ನಮ್ಮ ಮನೆಯಲ್ಲಿ ಯಾರೂ ತುಳು ಮಾತಾಡುವ ಹಾಗಿರಲಿಲ್ಲ. ಈ ಕಾನೂನು ತಂದವಳು ನಾನೇ. ತುಳುವಿನಲ್ಲಿ ಬೈಸಿಕೊಂಡು ಬೆಳೆದವಳು, ಮದುವೆಯಾದ ಮೇಲೆ ತುಳುವಿನಲ್ಲೇ ಬೈಯುತ್ತ ಸಂಸಾರ ಮಾಡಿದವಳು, ಅರುವತ್ತು ದಾಟಿದ ಮೇಲೆ ಒಂದು ಬೆಳಿಗ್ಗೆ ದೋಸೆಯ ಕಾವಲಿಯ ಮುಂದೆ ನಿಂತು, ಇವತ್ತಿನಿಂದ ಈ ಮನೆಯಲ್ಲಿ ಕನ್ನಡ ಮಾತ್ರ ಎಂದು ಸಾರಿಬಿಟ್ಟೆ. ನಮ್ಮವರು ಚಾದ ಲೋಟ ಹಿಡಿದುಕೊಂಡೇ ನನ್ನ ಮುಖ ನೋಡಿದರು.

"ನಾಯಿಗೂವಾ?" ಎಂದು ಕೇಳಿದರು.

ನಾಯಿಗೂ ಎಂದೆ. ಹಠಕ್ಕೆ ಬಿದ್ದರೆ ನಾನು ಸಣ್ಣಪುಟ್ಟ ವಿನಾಯಿತಿ ಕೊಡುವವಳಲ್ಲ.

ಇಷ್ಟಕ್ಕೆಲ್ಲ ಕಾರಣ ನಮ್ಮ ಮೊಮ್ಮಗಳು. ಆಗ ಅವಳಿಗೆ ಆರು ವರ್ಷ, ಒಂದನೇ ತರಗತಿ. ಮಗಳು ಪುತ್ತೂರಿನ ಒಂದು ಆಸ್ಪತ್ರೆಯಲ್ಲಿ ನರ್ಸ್, ಅಳಿಯನಿಗೆ ಕುಂಬ್ರದ ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸ. ಮಗಳಿಗೆ ಒಂದು ವಾರ ಹಗಲು, ಒಂದು ವಾರ ರಾತ್ರಿ ಪಾಳಿ ಇರುವುದರಿಂದ ಮಗು ಸೋಮವಾರದಿಂದ ಶನಿವಾರದವರೆಗೆ ರಾಮಕುಂಜದ ಹತ್ತಿರದ ನಮ್ಮ ಮನೆಯಲ್ಲಿದ್ದು ಶಾಲೆಗೆ ಹೋಗುತ್ತಿದ್ದಳು. ಅಜ್ಜಿ ಟೀಚರ್, ಇನ್ನೇನು ಚಿಂತೆ ಎಂದು ಎಲ್ಲರೂ ಹೇಳಿದರು. ನಾನೂ ಹಾಗೆಯೇ ಅಂದುಕೊಂಡಿದ್ದೆ.

ಯಾಕೆಂದರೆ ನಾನು ಅಂತಿಂಥ ಟೀಚರ್ ಅಲ್ಲ. ಸುಳ್ಯದ ಕಡೆ ಹತ್ತು ವರ್ಷ, ಕಡಬದ ಕಡೆ ಇಪ್ಪತ್ತು ವರ್ಷ ಒಂದನೇ ತರಗತಿಗೇ ಕಲಿಸಿದವಳು. ಉಳಿದ ಟೀಚರುಗಳು ಐದು, ಆರು, ಏಳು ಬೇಕು ಎಂದು ಜಗಳವಾಡುವಾಗ ನಾನು ಒಂದನೇ ತರಗತಿಯನ್ನು ಕೇಳಿ ತೆಗೆದುಕೊಳ್ಳುತ್ತಿದ್ದೆ. ನನ್ನ ಕ್ಲಾಸು ದಾಟಿದ ಮಕ್ಕಳು ಓದಿಯೇ ಓದುತ್ತಾರೆ ಎಂಬ ಹೆಸರಿತ್ತು. ಓದದ ನಾಲ್ಕೈದು ಮಕ್ಕಳು ಪ್ರತಿ ವರ್ಷವೂ ಇರುತ್ತಿದ್ದರು. ಅವರು ಉದಾಸೀನದವರು, ಅಂದರೆ ಸೋಮಾರಿಗಳು, ಎಂದು ನಾನು ಲೆಕ್ಕದಿಂದ ಹೊರಗಿಡುತ್ತಿದ್ದೆ. ಹೆಸರು ಉಳಿಸಿಕೊಳ್ಳುವ ಉಪಾಯ ಇದು. ಆಗ ಅದು ಉಪಾಯ ಎಂದು ನನಗೇ ಗೊತ್ತಿರಲಿಲ್ಲ.

ಮೊಮ್ಮಗಳು ಮಾತಿನ ಮಲ್ಲಿ. ನಾಲ್ಕು ವರ್ಷಕ್ಕೇ ಇಡೀ ನೆರೆಕರೆಯ ಸುದ್ದಿ ಅವಳ ಬಾಯಲ್ಲಿ. ಉದ್ದದ ಶಬ್ದ ಬಂದರೆ ನಡುವಿನದನ್ನು ನುಂಗುತ್ತಿದ್ದಳು, ವಸ್ತುವಿನ ಹೆಸರು ನೆನಪಾಗದೆ "ಅದು, ಅದು ಉಂಟಲ್ಲ" ಎಂದು ಕೈಯಲ್ಲಿ ತೋರಿಸುತ್ತಿದ್ದಳು. ನಮಗೆ ಅದೆಲ್ಲ ಮುದ್ದಾಗಿ ಕಾಣುತ್ತಿತ್ತು. ದೀಪಾವಳಿ ರಜೆಯಲ್ಲಿ ಪುಸ್ತಕ ತಾ ಎಂದೆ. ತಂದು, ಬೆರಳಿಟ್ಟು, ಮೊದಲನೇ ಪಾಠವನ್ನು ಎಲ್ಲಿಯೂ ನಿಲ್ಲದೆ ಓದಿದಳು. ನನಗೆ ಸಂತೋಷವಾಯಿತು. ಆದರೆ ಮೂವತ್ತು ವರ್ಷದ ಅಭ್ಯಾಸ ಸುಮ್ಮನೆ ಬಿಡುತ್ತದೆಯೇ? ಚಿತ್ರದ ಮೇಲೆ ಕೈ ಮುಚ್ಚಿ, ನಡುವಿನ ಒಂದೇ ಒಂದು ಶಬ್ದ ತೋರಿಸಿ ಇದೇನು ಎಂದೆ. ಮಗು ಮಾಡಿನ ಹೆಂಚು ನೋಡಿದಳು, ಕಿಟಕಿ ನೋಡಿದಳು, ಆಮೇಲೆ ಮತ್ತೆ ಪಾಠದ ಮೊದಲಿನಿಂದ ಶುರು ಮಾಡಿದಳು. ಕೇಳಿ ಕೇಳಿ ಇಡೀ ಪಾಠವನ್ನು ಬಾಯಿಪಾಠ ಮಾಡಿದ್ದಳು. ಪುಸ್ತಕ ತಲೆಕೆಳಗೆ ಹಿಡಿಸಿದ್ದರೂ ಓದುತ್ತಿದ್ದಳು.

ರಜೆ ಮುಗಿದ ಮೇಲೆ ಶಾಲೆಗೆ ಹೋಗಿ ಅವಳ ಟೀಚರನ್ನು ಕಂಡೆ. ಅವಳು ನನ್ನದೇ ಹಳೆಯ ವಿದ್ಯಾರ್ಥಿನಿ, ನನ್ನನ್ನು ಕಂಡರೆ ಈಗಲೂ ಎದ್ದು ನಿಲ್ಲುತ್ತಾಳೆ.

"ಟೀಚರೇ, ಮನೆಯಲ್ಲಿ ತುಳು, ಇಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ಬ್ಯಾರಿ ಭಾಷೆ. ಮಗುವಿಗೆ ಕನ್‌ಫ್ಯೂಸ್ ಆಗುದು ಅಂತ ಕಾಣ್ತದೆ," ಎಂದು ಮೆಲ್ಲನೆ ಹೇಳಿದಳು. ಆಮೇಲೆ ಇನ್ನೂ ಮೆಲ್ಲನೆ, "ನೀವೇ ಹಾಗೆ ಹೇಳ್ತಿದ್ರಲ್ಲ, ನಮ್ಮ ಅಮ್ಮಂದಿರ ಹತ್ರ," ಎಂದಳು.

ಹೌದು, ನಾನೇ ಹೇಳುತ್ತಿದ್ದೆ. ಓದಲು ಬಾರದ ಮಗುವಿನ ತಾಯಿ ಬಂದರೆ, ಮನೆಯಲ್ಲಿ ತುಳು ನಿಲ್ಲಿಸಿ ಎಂದು ಬುದ್ಧಿ ಹೇಳಿ ಕಳಿಸುತ್ತಿದ್ದೆ. ಪುತ್ತೂರು, ಸುಳ್ಯ, ಕಡಬದಲ್ಲಿ ಒಂದೇ ಭಾಷೆಯಲ್ಲಿ ಬೆಳೆದ ಮಗುವನ್ನು ದುರ್ಬೀನು ಹಾಕಿ ಹುಡುಕಬೇಕು. ನಾಲ್ಕು ಭಾಷೆಯ ನಡುವೆ ಬೆಳೆದು ಎಲ್ಲರೂ ಓದಿದ್ದಾರೆ, ನಾನೂ ಓದಿದ್ದೇನೆ. ಆದರೂ ಒಂದು ಮಗು ಓದದಿದ್ದರೆ ತಪ್ಪು ಹೊರಲಿಕ್ಕೆ ತುಳು ಬೇಕು. ಹಾಗೆ ನನ್ನ ಮಾತು ಸುತ್ತಿ ಬಳಸಿ ನನ್ನ ಮನೆಗೇ ಬಂತು.

ಕಾನೂನು ಜಾರಿಯಾಯಿತು. ನಮ್ಮವರ ಪಾಡು ಕೇಳುವುದೇ ಬೇಡ. ಅವರು ಪುತ್ತೂರು–ಸುಳ್ಯ ಲೈನಿನ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ದಿನಾ ಅದೇ ಬಸ್ಸಿನಲ್ಲಿ ಹೋಗುತ್ತಿದ್ದೆ, ಸೀಟು ಹಿಡಿದುಕೊಡುತ್ತಾ ಕೊಡುತ್ತಾ ಮದುವೆಯವರೆಗೆ ಬಂದರು. ಸಂಪ್ಯ, ಕುಂಬ್ರ, ಕಾವು, ಕನಕಮಜಲು, ಜಾಲ್ಸೂರು ಎಂದು ಒಂದೇ ಉಸಿರಿನಲ್ಲಿ ಕೂಗುವ ಅವರ ಗಂಟಲು ಆ ಕಾಲಕ್ಕೆ ಹೆಸರಾಗಿತ್ತು. ತುಳುವಿನಲ್ಲಿ ಅವರು ಮಾತಿಗೆ ಕೂತರೆ ಅನ್ನ ತಣ್ಣಗಾಗುತ್ತಿತ್ತು. ಕನ್ನಡದಲ್ಲಿ ಮಾತ್ರ ಅವರಿಗೆ ಬಸ್ಸಿನ ಮಾತುಗಳೇ ಬಾಯಿಗೆ ಬರುವುದು. ಊಟಕ್ಕೆ ಕೂತ ಮೊಮ್ಮಗಳಿಗೆ "ಸ್ವಲ್ಪ ಒಳಗೆ ಹೋಗಿ, ಒಳಗೆ ಜಾಗ ಉಂಟು" ಎನ್ನುತ್ತಿದ್ದರು. ನಾಯಿಗೆ "ಬಾ ಇಲ್ಲಿ" ಎಂದರೆ ಅದು ಹಿಂದೆ ತಿರುಗಿ ಯಾರನ್ನು ಕರೆದದ್ದು ಎಂದು ನೋಡುತ್ತಿತ್ತು. ಪಕ್ಕದ ಮನೆಯ ಬ್ಯಾರಿ ಹೆಂಗಸು, ನಾನು ಅಕ್ಕ ಎಂದು ಕರೆಯುವವರು, ದಿನಾ ತುಳುವಿನಲ್ಲಿ ಹರಟೆಗೆ ಬರುತ್ತಿದ್ದವರು, ಅಂಗಳದಲ್ಲೇ ನಿಂತು ಕೇಳಿದರು:

"ಎಂತ ಟೀಚರೇ, ನಿಮ್ಮ ಮನೆಗೆ ಬರ್ಲಿಕ್ಕೆ ಇನ್ನು ಪರೀಕ್ಷೆ ಬರೆದು ಬರ್ಬೇಕಾ?"

ನಾನು ಸೋಲಲಿಲ್ಲ. ಸಂಜೆ ಐದಕ್ಕೆ ಚಾವಡಿಯಲ್ಲಿ ಪಾಠ. ಮಗು ತಪ್ಪಿದರೆ ಇನ್ನಷ್ಟು ದೊಡ್ಡ ಸ್ವರದಲ್ಲಿ ಹೇಳುತ್ತಿದ್ದೆ. ಜೋರಾಗಿ ಹೇಳಿದರೆ ಒಳಗೆ ಹೋಗುತ್ತದೆ ಎಂದು ನಂಬಿದವಳು ನಾನು, ನಿವೃತ್ತಿಯಾದ ವಿಷಯ ನನ್ನ ಗಂಟಲಿಗಿನ್ನೂ ತಿಳಿದಿರಲಿಲ್ಲ. ಅಕ್ಷರ ಬಿಡಿಬಿಡಿಯಾಗಿ ತೋರಿಸಿದರೆ ಹೇಳುತ್ತಿದ್ದಳು. ಎರಡು ಅಕ್ಷರ ಕೂಡಿಸಿ ಏನಾಯಿತು ಎಂದರೆ ಏನೂ ಆಗುತ್ತಿರಲಿಲ್ಲ. ನಿನ್ನೆ ಹೇಳಿದ್ದು ಇವತ್ತಿಗಿಲ್ಲ. ನಾನೂ ಮನುಷ್ಯಳೇ. ಒಂದು ದಿನ ಸ್ಲೇಟನ್ನು ನೆಲಕ್ಕೆ ಕುಕ್ಕಿ, "ಉದಾಸೀನ ನಿಂಗೆ, ಬೇರೆ ಎಂತ ಅಲ್ಲ," ಎಂದುಬಿಟ್ಟೆ.

ಇವರು ಜಗಲಿಯಲ್ಲಿ ಕೂತಿದ್ದವರು ಎದ್ದು ತೋಟದ ಕಡೆ ಹೋದರು. ಕನ್ನಡದಲ್ಲಿ ಹೇಳಲಿಕ್ಕೆ ಬರಲಿಲ್ಲವೇನೋ ಎಂದು ನಾನು ಮನಸ್ಸಿನಲ್ಲೇ ತಮಾಷೆ ಮಾಡಿಕೊಂಡೆ.

ಎರಡು ತಿಂಗಳು ಕಳೆಯುವುದರೊಳಗೆ ಮಗುವಿನ ಮಾತು ಕಡಿಮೆಯಾಯಿತು. ತುಳುವಿನಲ್ಲಿ ಹೇಳಿದರೆ ಅಜ್ಜಿ ತಡೆಯುತ್ತಾಳೆ, ಕನ್ನಡದಲ್ಲಿ ಹೇಳಿದರೆ ಅಜ್ಜಿ ತಿದ್ದುತ್ತಾಳೆ. ಸುಮ್ಮನಿರುವುದು ಸುಲಭ ಎಂದು ಆರು ವರ್ಷದವಳಿಗೂ ಗೊತ್ತಾಯಿತು. ಸೋಮವಾರ ಬೆಳಿಗ್ಗೆ ಹೊಟ್ಟೆನೋವು ಶುರುವಾಯಿತು, ಆಮೇಲೆ ಮಂಗಳವಾರವೂ. ಒಂದು ಭಾನುವಾರ ಮಗಳು ಮಗುವಿನ ತಲೆಗೆ ಎಣ್ಣೆ ಹಚ್ಚುತ್ತಿದ್ದಾಗ ಅವಳು, "ನಂಗೆ ಒಳಗೆ ತಲೆ ಇಲ್ಲ ಅಮ್ಮ, ಕೂದಲು ಮಾತ್ರ ಇರುದು," ಎಂದಳಂತೆ. ಅಳುತ್ತ ಹೇಳಿದ್ದರೆ ಸಮಾಧಾನ ಮಾಡಬಹುದಿತ್ತು. ಮಳೆ ಬರುವ ಹಾಗುಂಟು ಎಂದು ಹೇಳುವಷ್ಟು ಸಾಧಾರಣವಾಗಿ ಹೇಳಿದಳಂತೆ. ಮಗಳು ಅಂದು ನನ್ನ ಹತ್ತಿರ ಮಾತಾಡಿದ ರೀತಿಯನ್ನು ಇಲ್ಲಿ ಬರೆಯುವುದಿಲ್ಲ. ಕೊನೆಗೆ, "ಪುತ್ತೂರಿಗೆ ಕರ್ಕೊಂಡು ಬನ್ನಿ, ನಾನು ಡಾಕ್ಟ್ರ ಟೈಮ್ ತೆಗೆದಿಡ್ತೇನೆ," ಎಂದು ಹೇಳಿ ಹೋದಳು. ಟೈಮ್ ಸಿಕ್ಕಿದ ದಿನ ಅವಳಿಗೆ ಪಾಳಿ ಇದ್ದುದರಿಂದ ನಾವಿಬ್ಬರೇ ಮಗುವನ್ನು ಕರೆದುಕೊಂಡು ಹೋದೆವು.

ಮೊದಲು ಕಿವಿ ನೋಡಿದರು. ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗ ಗುಂಡಿ ಒತ್ತು ಎಂದರು. ನಾನು ಮನಸ್ಸಿನಲ್ಲಿ, ಕಿವಿಯದೇ ತೊಂದರೆ ಇರಲಿ ದೇವರೇ, ಮದ್ದು ಹಾಕಿದರೆ ಮುಗಿಯುತ್ತದೆ ಎಂದು ಬೇಡಿಕೊಂಡೆ. ಮೊಮ್ಮಗಳ ಕಿವಿ ಸರಿ ಇಲ್ಲದಿರಲಿ ಎಂದು ಹರಕೆ ಹೊತ್ತ ಅಜ್ಜಿ ನಾನೊಬ್ಬಳೇ ಇರಬೇಕು. ಕಿವಿ ಚಿನ್ನದ ಹಾಗಿದೆ ಎಂದರು.

ಆಮೇಲೆ ಮಹಡಿಯ ಮೇಲಿನ ಸಣ್ಣ ಕೋಣೆಗೆ ಕಳಿಸಿದರು. ಅಲ್ಲಿ ಮಾತಿನ ತೊಂದರೆ ನೋಡುವ ಥೆರಪಿಸ್ಟ್ ಇದ್ದಳು. ಶಿವಮೊಗ್ಗದ ಕಡೆಯವಳು, ಊರಿಗೆ ಹೊಸಬಳು, ನನ್ನ ಮಗಳಿಗಿಂತ ಸಣ್ಣ ಪ್ರಾಯ. ಬಣ್ಣದ ಮರದ ತುಂಡುಗಳನ್ನು ಮೇಜಿನ ಮೇಲಿಟ್ಟು ಮಗುವಿನ ಜೊತೆ ಆಟ ಶುರು ಮಾಡಿದಳು. ಕಮಲ ಎಂದು ಹೇಳಿ ಒಂದೊಂದು ಸದ್ದಿಗೆ ಒಂದೊಂದರಂತೆ ಮೂರು ತುಂಡು ಇಟ್ಟಳು. ಕೊನೆಯದನ್ನು ತೆಗೆದು, ಈಗ ಏನು ಉಳಿಯಿತು ಎಂದಳು. ಮಗು ತುಂಡನ್ನೇ ನೋಡುತ್ತಾ, "ಹೂ," ಎಂದಳು. ಎರಡು ಶಬ್ದ ಹೇಳಿ, ಇವು ಒಂದೇನಾ ಬೇರೆಯಾ ಎಂದಳು. ಮಗು ಯೋಚಿಸಿ ಯೋಚಿಸಿ, ಒಮ್ಮೆ ಸರಿ, ಒಮ್ಮೆ ತಪ್ಪು. ಅರ್ಥವಿಲ್ಲದ ಉದ್ದುದ್ದ ಶಬ್ದ ಕೊಟ್ಟು ಹಾಗೇ ಹೇಳು ಎಂದರೆ ಅರ್ಧದಲ್ಲೇ ಮುರಿದುಬೀಳುತ್ತಿತ್ತು. ನನಗೆ ತಡೆಯಲಾಗಲಿಲ್ಲ. ಹಿಂದಿನಿಂದ ಬಗ್ಗಿ ಉತ್ತರ ಪಿಸುಗುಟ್ಟಿದೆ. ಎರಡನೇ ಸಲ ಸಿಕ್ಕಿಬಿದ್ದೆ.

"ಅಜ್ಜಿ, ನೀವು ಸ್ವಲ್ಪ ಗೋಡೆ ಹತ್ರ ಕೂತ್ಕೊಳ್ತೀರಾ?" ಎಂದಳು. ನನ್ನನ್ನು ಜೀವಮಾನದಲ್ಲಿ ಮೊದಲ ಬಾರಿಗೆ ಕೊನೆಯ ಬೆಂಚಿಗೆ ಕಳಿಸಿದವಳು ಆ ಹುಡುಗಿ. ನಮ್ಮವರು ನಕ್ಕದ್ದು ನನಗೆ ಕಂಡಿತು.

ಎಲ್ಲ ಆದ ಮೇಲೆ ಮಗು ಓಡಿ ಹೋಗಿ ಅಜ್ಜನ ಮಡಿಲಲ್ಲಿ ಕೂತಳು. ಥೆರಪಿಸ್ಟ್ ನಮಗೆ ವಿವರಿಸಿದಳು.

"ಕಿವಿಗೆ ಚೆನ್ನಾಗಿ ಕೇಳ್ಸುತ್ತೆ. ಕೇಳಿದ ಮಾತನ್ನ ಒಳಗಡೆ ಸದ್ದು ಸದ್ದಾಗಿ ಬಿಡಿಸ್ಕೊಳ್ಳೋದು ಅವಳಿಗೆ ಕಷ್ಟ ಆಗ್ತಿದೆ. ಸದ್ದು ಬೇರೆ ಬೇರೆಯಾಗಿ ಸಿಗದೇ ಇದ್ರೆ ಅಕ್ಷರ ತಂದು ಯಾವುದಕ್ಕೆ ಅಂಟಿಸ್ತಾಳೆ ಹೇಳಿ? ಬುದ್ಧಿ ಚುರುಕಾಗೇ ಇದೆ. ಸೋಮಾರಿತನ ಅಂತೂ ಅಲ್ವೇ ಅಲ್ಲ. ನಾವು ಪಡೋದಕ್ಕಿಂತ ಎರಡು ಪಟ್ಟು ಕಷ್ಟ ಪಡ್ತಿದಾಳೆ."

ನಾನು ಸೆರಗು ಸರಿಮಾಡಿಕೊಂಡು, "ತುಳು ನಿಲ್ಲಿಸಿದ್ದೇವೆ," ಎಂದೆ.

ಅವಳಿಗೆ ಅರ್ಥವಾಗಲಿಲ್ಲ. ವಿಷಯ ಹೇಳಿದೆ. ಅವಳು ಪೆನ್ನು ಕೆಳಗಿಟ್ಟು, "ಅಯ್ಯೋ, ಯಾಕೆ? ಮನೆ ಭಾಷೆಯಿಂದ ಇದು ಬರಲ್ಲ ಅಜ್ಜಿ. ಅವಳ ಹತ್ರ ಎಷ್ಟು ತುಳು ಇದೆಯೋ ಅಷ್ಟೂ ಬೇಕು. ಕಥೆ ಹೇಳಿ, ಪ್ರಾಸದ ಆಟ ಆಡಿ, ಇವತ್ತಿಂದಲೇ," ಎಂದಳು. ಮೂರು ತಿಂಗಳ ಕಾನೂನು ಮೂರು ಮಾತಿನಲ್ಲಿ ರದ್ದಾಯಿತು. ನಾಯಿಗೆ ಹೇಗೆ ಮುಖ ತೋರಿಸುವುದು ಎಂದು ನನಗೆ ಚಿಂತೆಯಾಯಿತು.

ಆಮೇಲೆ ಅವಳು ಒಂದು ಕಾಗದ ತೆಗೆದು ಪ್ರಶ್ನೆ ಕೇಳುತ್ತ ಹೋದಳು. ಇಷ್ಟು ಸಣ್ಣ ಮಗುವಿಗೆ ಈಗಲೇ ಡಿಸ್ಲೆಕ್ಸಿಯಾ, ಅಂದರೆ ಓದಿನ ತೊಡಕು, ಎಂದು ಹೆಸರಿಡುವುದಿಲ್ಲ, ಆದರೆ ಆ ದಾರಿಯಲ್ಲಿ ಹೋಗುವ ಸಂಭವ ಎಷ್ಟು ಎಂದು ನೋಡಬೇಕು, ಇದು ವಂಶದಲ್ಲಿ ಬರುವುದುಂಟು, ಅದಕ್ಕೆ ಮನೆಯವರ ವಿಷಯ ಮುಖ್ಯ ಎಂದಳು.

"ಮನೇಲಿ ಯಾರಿಗಾದ್ರೂ ಓದೋದಕ್ಕೆ ಕಷ್ಟ ಇತ್ತಾ? ತಂದೆ, ತಾಯಿ, ಅಜ್ಜ, ಅಜ್ಜಿ?"

"ನಮ್ಮ ಮನೆಯಲ್ಲಾ?" ಎಂದೆ ನಾನು. ಅವಳು ಕೇಳಿ ಮುಗಿಸುವುದಕ್ಕೂ ಬಿಡಲಿಲ್ಲ. "ಇಲ್ಲ ಇಲ್ಲ. ಆಚೆ ಮನೆಯಲ್ಲೂ ಇಲ್ಲ, ಬೀಗರನ್ನು ಕೇಳಿಯೇ ಬಂದದ್ದು. ನಾನು ಮೂವತ್ತು ವರ್ಷ ಟೀಚರ್."

ಅವಳು ಇಲ್ಲ ಎಂದು ಬರೆದುಕೊಂಡಳು. "ಹಾಗಿದ್ರೆ ಈಗಲೇ ವಾರ ವಾರ ಬರೋದು ಬೇಡ. ದೂರದಿಂದ ಬರ್ತೀರ. ಕೆಲವು ಮಕ್ಕಳು ತಾವಾಗೇ ಹಿಡ್ಕೊಳ್ತಾರೆ. ಎರಡನೇ ತರಗತಿವರೆಗೆ ಕಾದು ನೋಡೋಣ," ಎಂದಳು.

ನಾನು ಚೀಲ ತೆಗೆದುಕೊಂಡು ಎದ್ದೆ. ನಮ್ಮವರು ಏಳಲಿಲ್ಲ. ಮಗುವಿನ ತಲೆಯ ಮೇಲೆ ಗಲ್ಲವಿಟ್ಟು ಹಾಗೆಯೇ ಕೂತಿದ್ದರು. ಆಮೇಲೆ ತುಳುವಿನಲ್ಲಿ, ಮೂರು ತಿಂಗಳ ನಂತರ ಮೊದಲ ಬಾರಿಗೆ, "ಎಂಕ್ ಉಂಡು," ಎಂದರು.

ಆ ಹುಡುಗಿಗೆ ತುಳು ಬರುವುದಿಲ್ಲ. ನನ್ನ ಮುಖ ನೋಡಿದಳು. "ಏನಂದ್ರು?"

"ಅವರಿಗೆ ಉಂಟಂತೆ," ಎಂದೆ. ಹೇಳಿ ಆದ ಮೇಲೆ ನನಗೆ ಅರ್ಥವಾಯಿತು.

ಅವರು ನೆಲ ನೋಡಿಕೊಂಡು ತುಳುವಿನಲ್ಲಿ ಹೇಳುತ್ತ ಹೋದರು, ನಾನು ಗೋಡೆಯ ಹತ್ತಿರ ನಿಂತು ಕನ್ನಡ ಮಾಡುತ್ತ ಹೋದೆ. ಐದನೇ ತರಗತಿಗೆ ಶಾಲೆ ಬಿಟ್ಟರಂತೆ. ನನ್ನ ಹತ್ತಿರ ಹೇಳಿದ್ದ ಹಾಗೆ ಅಂಗಡಿಯ ಕೆಲಸಕ್ಕೆ ಸೇರಲಿಕ್ಕೆ ಅಲ್ಲವಂತೆ, ಕ್ಲಾಸಿನಲ್ಲಿ ಓದಲಿಕ್ಕೆ ಎದ್ದು ನಿಲ್ಲಿಸುತ್ತಾರೆ ಎಂಬ ಹೆದರಿಕೆಗೆ ಅಂತೆ. ಅಂಕೆ ತೊಂದರೆ ಇಲ್ಲವಂತೆ. ಟಿಕೆಟನ್ನು ಬಣ್ಣದಲ್ಲಿ ಗುರುತಿಸಿದ್ದಂತೆ. ಊರುಗಳ ಹೆಸರು ಬಾಯಿಯಲ್ಲೇ ಇತ್ತಂತೆ, ಬೋರ್ಡು ಓದಬೇಕಾಗಿ ಬರಲಿಲ್ಲವಂತೆ. ಬಸ್ಸಿನ ಮಾಲಕರು ಪುತ್ತೂರಿನ ಆಫೀಸಿನಲ್ಲಿ ಕೂತು ಬರೆಯುವ ಕೆಲಸ ಕೊಡುತ್ತೇನೆ ಎಂದಾಗ ಬೇಡ ಎಂದದ್ದು ಇದಕ್ಕೇ ಅಂತೆ.

ಆ ಕೆಲಸ ಬೇಡ ಎಂದದ್ದಕ್ಕೆ ನಾನು ಹದಿನೈದು ದಿನ ಅವರ ಹತ್ತಿರ ಮಾತು ಬಿಟ್ಟಿದ್ದೆ. ನೆರಳಿನಲ್ಲಿ ಕೂರುವ ಕೆಲಸ ಬಿಟ್ಟು ಬಾಗಿಲಿನಲ್ಲಿ ನೇತಾಡುವ ಆಸೆ, ಉದಾಸೀನದ ಜನ ಎಂದು ತವರಿನವರ ಎದುರಿಗೆ ಹೇಳಿದ್ದೆ. ಇದನ್ನು ನಾನು ಕನ್ನಡ ಮಾಡಲಿಲ್ಲ, ಅವರೂ ಹೇಳಲಿಲ್ಲ.

ಕೊನೆಗೆ ಅವರು ಏನೋ ಹೇಳಿ ಸ್ವಲ್ಪ ನಕ್ಕರು. ಥೆರಪಿಸ್ಟ್ ಮತ್ತೆ, "ಏನಂದ್ರು?" ಎಂದಳು.

"ಎಂತ ಇಲ್ಲ. ಪೇಪರಿನ ವಿಷಯ," ಎಂದೆ.

ವಿಷಯ ಇಷ್ಟು. ಮದುವೆಯಾದಂದಿನಿಂದ ನಮ್ಮಲ್ಲಿ ಬೆಳಗ್ಗಿನ ಪೇಪರನ್ನು ನಾನು ದೊಡ್ಡಕ್ಕೆ ಓದುವುದು, ಅವರು ಕೇಳುವುದು. ನಿನ್ನ ಸ್ವರ ಕೇಳಲಿಕ್ಕೆ ಚಂದ ಎಂದು ಮೊದಲ ವಾರವೇ ಹೇಳಿದ್ದರು. ಅಷ್ಟು ವರ್ಷ ನಾನು ಸಾವಿನ ಸುದ್ದಿಯಿಂದ ಹಿಡಿದು ಅಡಿಕೆಯ ಧಾರಣೆಯವರೆಗೆ ರಾಗವಾಗಿ ಓದಿ ಹಾಕಿದ್ದೇನೆ. ಅಕ್ಕತಂಗಿಯರ ಹತ್ತಿರ ಹೇಳಿಕೊಂಡು ಜಂಬ ಪಟ್ಟಿದ್ದೇನೆ. ಅದು ನನ್ನ ಸ್ವರಕ್ಕಾಗಿ ಅಲ್ಲ ಎಂದು ಅಪರಿಚಿತ ಹುಡುಗಿಯ ಎದುರಿಗೆ, ಮರದ ತುಂಡುಗಳ ನಡುವೆ ಗೊತ್ತಾಗಬೇಕೇ? ಸಿಟ್ಟು ಬಂತು, ನಾಚಿಕೆಯಾಯಿತು, ಎಲ್ಲಕ್ಕಿಂತ ಹೆಚ್ಚು ದುಃಖವಾಯಿತು. ಊರಿನ ಮಕ್ಕಳಿಗೆಲ್ಲ ಓದಲು ಕಲಿಸಿದವಳು ನನ್ನ ಪಕ್ಕದಲ್ಲಿ ಮಲಗುವವರಿಗೆ ಓದಲು ಕಷ್ಟ ಎಂದು ತಿಳಿಯದೆ ಇದ್ದೆ.

ಥೆರಪಿಸ್ಟ್ ಇಲ್ಲ ಎಂದು ಬರೆದದ್ದನ್ನು ಹೊಡೆದು ಹೌದು ಎಂದು ಬರೆದಳು. "ಹೇಳಿದ್ದು ಒಳ್ಳೇದಾಯ್ತು ಅಜ್ಜ. ಹಾಗಿದ್ರೆ ಕಾಯೋದು ಬೇಡ. ಮುಂದಿನ ಗುರುವಾರದಿಂದಲೇ ಬನ್ನಿ, ಶಾಲೆಗೂ ನಾನು ಪತ್ರ ಕೊಡ್ತೀನಿ," ಎಂದಳು.

ವಾಪಸು ಬರುವಾಗ ಬಸ್ಸಿನಲ್ಲಿ ಮೂರು ಜನರ ಸೀಟು ಸಿಕ್ಕಿತು. ಕಿಟಕಿಯ ಹತ್ತಿರ ಅವರು, ಈ ಕಡೆ ನಾನು, ನಡುವೆ ಮಗು. ಉಪ್ಪಿನಂಗಡಿ ದಾಟುವವರೆಗೆ ನಾನು ಬಾಯಿ ಬಿಡಲಿಲ್ಲ. ನನ್ನ ಮಟ್ಟಿಗೆ ಅದು ದಾಖಲೆ. ಆಮೇಲೆ ತಡೆಯಲಾರದೆ ತುಳುವಿನಲ್ಲೇ ಕೇಳಿದೆ:

"ಇಷ್ಟು ವರ್ಷ ನನ್ನ ಹತ್ರ ಒಂದು ಮಾತು ಹೇಳ್ಬಾರ್ದಾ ಮಾರಾಯ್ರೆ?"

"ನಿನ್ನ ಹತ್ರ ಹೇಗೆ ಹೇಳುದು? ನೀನು ಟೀಚರ್ ಅಲ್ವಾ," ಎಂದರು. ಮತ್ತೆ, "ಹೇಳಿದ್ರೆ ನೀನು ನನ್ನನ್ನು ಒಂದನೇ ಕ್ಲಾಸಿಗೆ ಕೂರಿಸ್ತಿದ್ದೆ ಮಾರಾಯ್ತಿ. ಸ್ಲೇಟು ಕುಕ್ಕುದು ನೋಡಿದ್ದೇನಲ್ಲ," ಎಂದರು. ತಮಾಷೆಯಾಗಿಯೇ ಹೇಳಿದರು. ನನಗೆ ಎದೆಯೊಳಗೆ ಚುಚ್ಚಿತು.

ಮಗು ಇಬ್ಬರ ಮುಖವನ್ನೂ ನೋಡುತ್ತಿದ್ದಳು. ಆಮೇಲೆ ಅವರ ಅಂಗಿಯ ತೋಳು ಹಿಡಿದು ತನ್ನ ಕಡೆಗೆ ಎಳೆದಳು. ಗುಟ್ಟು ಹೇಳುವವಳ ಹಾಗೆ, ಆದರೆ ನನಗೂ ಕೇಳುವಷ್ಟು ದೊಡ್ಡದಾಗಿ, ತುಳುವಿನಲ್ಲಿ ಹೇಳಿದಳು:

"ನನ್ನ ಹತ್ರ ಹೇಳ್ಬಹುದಿತ್ತಲ್ಲ ಅಜ್ಜ. ನಾನು ಅಜ್ಜಿಗೆ ಹೇಳ್ತಿರ್ಲಿಲ್ಲ."

ಅವರು ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡರು. ಬಸ್ಸಿನ ತುಂಬ ನನ್ನ ಹಳೆಯ ವಿದ್ಯಾರ್ಥಿಗಳು, ಅವರ ಅಪ್ಪ ಅಮ್ಮಂದಿರು ಇದ್ದರು. ಅವರೆಲ್ಲರ ಎದುರಿಗೆ, ಹಾಡುಹಗಲಿನಲ್ಲಿ, ನಾನು ಸೆರಗು ಬಾಯಿಗೆ ಹಿಡಿದು ಅತ್ತೆ.